ಬೀಳ್ಕೊಡುಗೆಯ ಪಂಕ್ತಿ





ಮಾಘಮಾಸವು ಮುಗಿಯುತ್ತ ಬಂದು ಶಿವರಾತ್ರಿಯು ಸಮೀಪಿಸುವ ಈ ದಿನಗಳಲ್ಲಿ ನಮ್ಮ ನಾಡಿನ ಪ್ರೌಢಶಾಲೆಗಳಲ್ಲೆಲ್ಲ ಒಂದು ಬಗೆಯ ಸಡಗರವು ಕಾಣಬರುತ್ತದೆ. ಹತ್ತನೆಯ ತರಗತಿಯ ಮಕ್ಕಳು ಶಾಲೆಯನ್ನು ಬಿಟ್ಟು ಹೊರಡುವ ಕಾಲವಿದು. ವರ್ಷದ ಪಾಠಗಳು ಮುಗಿದಿರುತ್ತವೆ. ಪರೀಕ್ಷೆಯು ಇನ್ನೂ ಬಂದಿರುವುದಿಲ್ಲ. ಈ ನಡುವಣ ನಾಲ್ಕಾರು ದಿನಗಳಲ್ಲಿ ಮಕ್ಕಳ ಮುಖದಲ್ಲಿ ಹರ್ಷವೂ ಅಳುಕೂ ಒಂದಾಗಿ ಕೂಡಿರುವುದನ್ನು ಶಿಕ್ಷಕವೃತ್ತಿಯಲ್ಲಿರುವವರೆಲ್ಲರೂ ಬಲ್ಲರು. ಮೂರು ವರ್ಷ ಒಂದೇ ಹಲಗೆಯ ಮೇಲೆ ಕುಳಿತವರು ಇನ್ನು ಯಾವ ಯಾವ ದಿಕ್ಕಿಗೆ ಹೋಗುವರೋ ಶಿವನೇ ಬಲ್ಲನು.

ಈ ಸಮಾರಂಭಕ್ಕೆ ಸೀಮೆಗೊಂದು ಹೆಸರಿದೆ. ಧಾರವಾಡ, ಬೆಳಗಾವಿಗಳ ಕಡೆ ವಾರ್ಷಿಕ ಸ್ನೇಹಸಮ್ಮೇಳನವೆನ್ನುವರು. ಮೈಸೂರಿನ ಕಡೆ ವಾರ್ಷಿಕೋತ್ಸವವೆನ್ನುವರು. ಹತ್ತನೆಯ ತರಗತಿಯವರಿಗೆಂದೇ ಪ್ರತ್ಯೇಕವಾಗಿ ನಡೆಯುವುದಕ್ಕೆ ಬೀಳ್ಕೊಡುಗೆಯೆಂದು ಹೆಸರು. ಅನೇಕ ಶಾಲೆಗಳಲ್ಲಿ ಅಂದೇ ಸರಸ್ವತೀ ಪೂಜೆಯೂ ನೆರವೇರುವುದುಂಟು. ಪರೀಕ್ಷೆಯ ಪ್ರವೇಶಪತ್ರಗಳನ್ನು ದೇವಿಯ ಚಿತ್ರಪಟದ ಮುಂದಿರಿಸಿ, ಪೂಜೆಯ ಬಳಿಕ ಗುರುಗಳ ಕೈಯಿಂದ ಒಬ್ಬೊಬ್ಬರಿಗೂ ಕೊಡಿಸುವರು. ಹತ್ತನೆಯವರು ಹಚ್ಚಿದ ದೀಪವನ್ನು ಒಂಬತ್ತನೆಯವರ ಕೈಗೆ ಒಪ್ಪಿಸುವ ಪದ್ಧತಿಯು ಕೆಲವೆಡೆ ಇದೆ. ಸಾಲಾಗಿ ನಿಂತು ಭಾವಚಿತ್ರ ತೆಗೆಸುವರು. ಬಣ್ಣಬಣ್ಣದ ಹಾಳೆಗಳ ಆಟೋಗ್ರಾಫ್ ಪುಸ್ತಕದಲ್ಲಿ ಒಬ್ಬರಿಗೊಬ್ಬರು ಶುಭವನ್ನು ಬರೆಯುವರು. ಶಾಲೆಗೊಂದು ಗೋಡೆಗಡಿಯಾರವನ್ನೋ ಫ್ಯಾನನ್ನೋ ಕಬ್ಬಿಣದ ಕಪಾಟನ್ನೋ ಕೊಟ್ಟು, ಅದರ ಮೇಲೆ ಇಂಥ ಸಾಲಿನ ವಿದ್ಯಾರ್ಥಿಗಳ ಕೊಡುಗೆಯೆಂದು ಬರೆಸುವರು. ಕಡೆಯಲ್ಲಿ ಎಲ್ಲರೂ ಕೂಡಿ ಉಣ್ಣುವರು.

ಮಕ್ಕಳ ಈ ಸಡಗರವನ್ನು ವಚನಧರ್ಮದ ಪತ್ರಿಕೆಯಲ್ಲಿ ವಿಚಾರಿಸಬೇಕೇಕೆಂದು ವಾಚಕರಲ್ಲಿ ಕೆಲವರು ಕೇಳಬಹುದು. ಹನ್ನೆರಡನೆಯ ಶತಮಾನದ ಶಿವಶರಣರು ಧರ್ಮವನ್ನು ಗುಡಿಯ ಗರ್ಭಗೃಹದಲ್ಲಿ ಮಾತ್ರ ಹುಡುಕಿದವರಲ್ಲ. ನೂಲುವಲ್ಲಿ, ನೇಯುವಲ್ಲಿ, ಹಗ್ಗ ಹೊಸೆಯುವಲ್ಲಿ, ದೋಣಿ ನಡೆಸುವಲ್ಲಿ, ಕೊಡುವ ಕೊಳ್ಳುವ ಪ್ರತಿಯೊಂದು ವ್ಯವಹಾರದಲ್ಲಿ ಅದನ್ನು ಕಂಡವರು. ಹದಿನೈದು ಹದಿನಾರು ವಯಸ್ಸಿನ ಮಗುವು ತನ್ನ ಸಂಗಡಿಗರೊಡನೆ ಕಳೆಯುವ ಕಡೆಯ ದಿನದಲ್ಲಿ ಏನನ್ನು ಕಾಣುವುದೋ ಅದನ್ನು ಬಾಳಿನುದ್ದಕ್ಕೂ ಹೊತ್ತುಕೊಂಡು ಹೋಗುವುದು. ಆದಕಾರಣ ಆ ದಿನವು ಧರ್ಮವಿಚಾರಕ್ಕೆ ಹೊರಗಾದುದಲ್ಲ.

ಶಿಷ್ಯನನ್ನು ಬೀಳ್ಕೊಡುವ ಆಚಾರವು ನಮ್ಮ ದೇಶದಲ್ಲಿ ಅತಿ ಪ್ರಾಚೀನವಾದುದು. ಗುರುಕುಲದ ಅಧ್ಯಯನವು ಮುಗಿದಾಗ ನಡೆಯುತ್ತಿದ್ದ ಸಂಸ್ಕಾರಕ್ಕೆ ಸಮಾವರ್ತನವೆಂದು ಹೆಸರು. ಮನೆಗೆ ಹಿಂದಿರುಗುವುದೆಂದು ಆ ಪದದ ಅರ್ಥ. ಅಂದು ಶಿಷ್ಯನು ವಿಧಿಪೂರ್ವಕವಾಗಿ ಸ್ನಾನ ಮಾಡುತ್ತಿದ್ದುದರಿಂದ ಅವನು ಸ್ನಾತಕನೆನಿಸಿಕೊಂಡನು. ಇಂದಿಗೂ ವಿಶ್ವವಿದ್ಯಾಲಯದ ಪದವೀಧರರಿಗೆ ಸ್ನಾತಕರೆಂಬ ಹೆಸರು ಉಳಿದುಬಂದಿರುವುದು ಅಲ್ಲಿಂದಲೇ. ತೈತ್ತಿರೀಯ ಉಪನಿಷತ್ತಿನ ಶಿಕ್ಷಾವಲ್ಲಿಯಲ್ಲಿ ಆಚಾರ್ಯನು ಹೊರಡುವ ಶಿಷ್ಯನಿಗೆ ಉಪದೇಶಿಸುವ ಭಾಗವಿದೆ. ಸತ್ಯವನ್ನೂ ಸ್ವಾಧ್ಯಾಯವನ್ನೂ ಮಾತಾಪಿತೃಗಳ ಸೇವೆಯನ್ನೂ ವಿಧಿಸಿದ ಮೇಲೆ ಆ ಆಚಾರ್ಯನು ಕೊಡುವ ರೀತಿಯನ್ನು ಕುರಿತು ವಿಶೇಷವಾಗಿ ಎಚ್ಚರಿಸುತ್ತಾನೆ. ಕೊಡುವಲ್ಲಿ ಶ್ರದ್ಧೆಯಿರಬೇಕು, ಸಂಕೋಚವೂ ಇರಬೇಕು ಎಂಬುದು ಅಲ್ಲಿಯ ಭಾವ. ಸಂಕೋಚವು ಕೊಡುವವನಿಗೆ ಇರತಕ್ಕದ್ದೆಂಬುದನ್ನು ವಾಚಕರು ಗಮನಿಸಬೇಕು. ಪಡೆಯುವವನನ್ನಾಗಲಿ, ಕೊಡಲಾರದವನನ್ನಾಗಲಿ ನಾಚಿಸುವ ಮಾತು ಅಲ್ಲೆಲ್ಲಿಯೂ ಇಲ್ಲ.

ಇದೇ ತತ್ತ್ವವನ್ನು ಕವಿಕುಲಗುರುವಾದ ಕಾಳಿದಾಸನು ರಘುವಂಶದ ಐದನೆಯ ಸರ್ಗದಲ್ಲಿ ಕಥಾರೂಪವಾಗಿ ನಿರೂಪಿಸಿರುವನು. ವರತಂತುವೆಂಬ ಋಷಿಯ ಶಿಷ್ಯನಾದ ಕೌತ್ಸನು ವಿದ್ಯೆಯನ್ನು ಮುಗಿಸಿ ಗುರುದಕ್ಷಿಣೆಯಾಗಿ ಏನನ್ನು ಕೊಡಲೆಂದು ಕೇಳಿದನು. ಇಷ್ಟು ಕಾಲ ನೀನು ತಪ್ಪದೆ ಮಾಡಿದ ಭಕ್ತಿಸೇವೆಯೇ ನನಗೆ ಸಾಕೆಂಬುದು ಗುರುವಿನ ಅಭಿಪ್ರಾಯವಾಗಿತ್ತು. ಶಿಷ್ಯನು ಬಿಡದೆ ಮತ್ತೆ ಮತ್ತೆ ಒತ್ತಾಯಿಸಲು ಗುರುವು ಸಿಟ್ಟಾಗಿ, ಕಲಿಸಿದ ಹದಿನಾಲ್ಕು ವಿದ್ಯೆಗಳಿಗೆ ಹದಿನಾಲ್ಕು ಕೋಟಿ ಹೊನ್ನನ್ನು ತರುವಂತೆ ಹೇಳಿದನು. ಕೌತ್ಸನು ರಘುಮಹಾರಾಜನಲ್ಲಿಗೆ ಬಂದನು. ಆ ರಾಜನು ವಿಶ್ವಜಿತ್ ಯಾಗದಲ್ಲಿ ಸರ್ವಸ್ವವನ್ನೂ ದಾನ ಮಾಡಿ, ಅತಿಥಿಗೆ ಅರ್ಘ್ಯವನ್ನು ಕೊಡಲು ಮಣ್ಣಿನ ಪಾತ್ರೆಯೊಂದನ್ನುಳಿದು ಬೇರೆ ಗತಿಯಿಲ್ಲದವನಾಗಿದ್ದನು. ಕುಬೇರನು ಅವನ ಬೊಕ್ಕಸದಲ್ಲಿ ಹೊನ್ನಿನ ಮಳೆಗರೆದ ಬಳಿಕ ರಘುವು ಅದೆಲ್ಲವನ್ನೂ ಕೌತ್ಸನಿಗೆ ಒಪ್ಪಿಸಹೊರಟನು. ಗುರುವಿಗೆ ಸಲ್ಲತಕ್ಕಷ್ಟನ್ನು ಬಿಟ್ಟು ಹೆಚ್ಚಿನದನ್ನು ಕೌತ್ಸನು ಒಲ್ಲೆನೆಂದನು. ಕೇಳಿದ್ದಕ್ಕಿಂತ ಹೆಚ್ಚು ಕೊಡಬಯಸಿದ ದಾತೃವನ್ನೂ, ಬೇಕಾದುದಕ್ಕಿಂತ ಹೆಚ್ಚನ್ನು ಮುಟ್ಟದ ಯಾಚಕನನ್ನೂ ಸಾಕೇತದ ಜನರು ಸಮನಾಗಿ ಕೊಂಡಾಡಿದರೆಂದು ಕವಿಯು ಹೇಳುತ್ತಾನೆ. ಈ ಕಥೆಯಲ್ಲಿ ಗುರುವು ಮೊದಲು ಇಟ್ಟುಕೊಂಡಿದ್ದ ಅಭಿಪ್ರಾಯವೇ ನಿಜವಾದ ದಕ್ಷಿಣೆಯ ಲಕ್ಷಣ. ಕೋಟಿಯ ಲೆಕ್ಕವು ಹುಟ್ಟಿದುದು ಸಿಟ್ಟಿನಿಂದ.

ಶರಣರು ಈ ವಿಚಾರವನ್ನು ಇನ್ನೂ ಒಂದು ಹೆಜ್ಜೆ ಮುಂದಕ್ಕೆ ನಡೆಸಿದರು. ಆಯ್ದಕ್ಕಿ ಮಾರಯ್ಯನವರು ಕಲ್ಯಾಣದಲ್ಲಿ ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು, ಅದರಿಂದ ದಾಸೋಹವನ್ನು ನಡೆಸುತ್ತಿದ್ದರಷ್ಟೆ. ಒಂದು ದಿನ ಅವರು ಎಂದಿನದಕ್ಕಿಂತ ಹೆಚ್ಚಿನ ಅಕ್ಕಿಯನ್ನು ತಂದಾಗ ಸತಿಯಾದ ಲಕ್ಕಮ್ಮನವರು ಅದನ್ನು ಒಪ್ಪದೆ, ಹೆಚ್ಚಾದುದನ್ನು ತಂದಲ್ಲಿಯೇ ಸುರಿದು ಬರುವಂತೆ ಹೇಳಿ ಕಳುಹಿಸಿದರೆಂದು ಶರಣಕಥೆಗಳು ಹೇಳುತ್ತವೆ. ಮನೆಯಲ್ಲಿ ಬಡತನವಿದ್ದರೂ ಮನಸ್ಸಿನಲ್ಲಿ ಬಡತನವಿರಲಿಲ್ಲ. ದಾಸೋಹವೆಂಬ ಪದವನ್ನು ಬಿಡಿಸಿದರೆ ದಾಸಃ ಅಹಂ, ನಾನು ದಾಸನು, ಎಂದಾಗುತ್ತದೆ. ದಾನ ಕೊಡುವವನ ಕೈ ಮೇಲೆ, ಪಡೆಯುವವನ ಕೈ ಕೆಳಗೆ. ಅಲ್ಲಿ ಕೊಟ್ಟವನ ಹೆಸರು ಉಳಿಯುತ್ತದೆ. ದಾಸೋಹದಲ್ಲಿ ಕೊಡುವವನೇ ಬಾಗಿ ನಿಲ್ಲುತ್ತಾನೆ. ಅಲ್ಲಿ ಉಳಿಯುವುದು ಪಂಕ್ತಿಯೊಂದೇ.

ಇಷ್ಟನ್ನೆಲ್ಲ ಓದಿ, ಬೋಧಿಸಿ, ಪ್ರವಚನದಲ್ಲಿ ಹೇಳಿಕೊಂಡು ಬಂದಿದ್ದ ನಾನೇ ಒಮ್ಮೆ ಇದನ್ನು ಮರೆತೆನು. ಆ ಪ್ರಸಂಗವನ್ನು ಮುಚ್ಚಿಡದೆ ಇಲ್ಲಿ ನಿವೇದಿಸಬೇಕಾಗಿದೆ.

2003ನೆಯ ಇಸವಿಯ ಫೆಬ್ರವರಿ ತಿಂಗಳು. ನಾನು ಹತ್ತನೆಯ ತರಗತಿಯ ವರ್ಗಶಿಕ್ಷಕನಾಗಿದ್ದೆನು. ಹಾಜರಿ ಪುಸ್ತಕದಲ್ಲಿ ನಲವತ್ತೊಂದು ಹೆಸರುಗಳಿದ್ದುವು. ಬೀಳ್ಕೊಡುಗೆಯ ಊಟಕ್ಕೂ ಶಾಲೆಗೆ ಕೊಡಬೇಕಾದ ಗಡಿಯಾರಕ್ಕೂ ತಲೆಗೆ ಇಪ್ಪತ್ತೈದು ರೂಪಾಯಿ ವಂತಿಗೆಯೆಂದು ನಿಶ್ಚಯಿಸಿದೆವು. ಉಳ್ಳವರು ಹೆಚ್ಚು ಕೊಡಬಹುದೆಂದೂ, ಕೊಟ್ಟವರ ಹೆಸರುಗಳನ್ನು ಮೊತ್ತ ಸಹಿತವಾಗಿ ಸಭೆಯಲ್ಲಿ ಓದಲಾಗುವುದೆಂದೂ ನಾನೇ ಪ್ರಕಟಿಸಿದೆನು. ಹಾಗೆ ಓದುವುದು ಮಕ್ಕಳಿಗೆ ಉತ್ತೇಜನವಾಗುವುದೆಂದು ನನ್ನ ಎಣಿಕೆ. ತಂದೆತಾಯಿಗಳನ್ನೂ ಕರೆತರಬೇಕೆಂದು ಹೇಳಿದ್ದೆನು. ಅಂದು ಸಭೆಯು ಚೆನ್ನಾಗಿಯೇ ನಡೆಯಿತು. ಪಟ್ಟಿಯನ್ನು ಓದಿದೆನು; ಪ್ರತಿಯೊಂದು ಹೆಸರಿಗೂ ಚಪ್ಪಾಳೆಯಾಯಿತು. ಭಾವಚಿತ್ರವನ್ನೂ ತೆಗೆಸಿದೆವು. ಒಬ್ಬ ಹುಡುಗನು ಬಂದಿರಲಿಲ್ಲ. ಜ್ವರವಿರಬಹುದೆಂದು ಯಾರೋ ಅಂದರು. ನಾನು ಅಷ್ಟಕ್ಕೇ ಬಿಟ್ಟೆನು.

ಮರುದಿನ ಬೆಳಿಗ್ಗೆ ಆ ಹುಡುಗನು ಪ್ರವೇಶಪತ್ರವನ್ನು ಕೇಳಲು ಬಂದನು. ನಮ್ಮ ಸೀಮೆಯಲ್ಲಿ ಅದು ಮೆಣಸಿನಕಾಯಿಯ ಸುಗ್ಗಿಯ ಕಾಲ. ಅವನ ತಂದೆ ತೀರಿಕೊಂಡಿದ್ದನು, ತಾಯಿ ಕೂಲಿಯವಳು. ಹಿಂದಿನ ದಿನವೆಲ್ಲ ತಾಯಿಯೊಡನೆ ಹೊಲದಲ್ಲಿ ಮೆಣಸಿನಕಾಯಿ ಬಿಡಿಸಿ ಅವನ ಬೆರಳುಗಳು ಕೆಂಪಾಗಿ ಬಾತಿದ್ದುವು. ಪತ್ರಕ್ಕೆ ಕಲೆಯಾದೀತೆಂದು ಅಂಗಿಯ ತುದಿಯನ್ನು ಅಡ್ಡ ಹಿಡಿದು ಅದನ್ನು ತೆಗೆದುಕೊಂಡನು. ಬರಲಿಲ್ಲವೇಕೆಂದು ನಾನು ಸ್ವಲ್ಪ ಗಡುಸಾಗಿಯೇ ಕೇಳಿದೆನು. ಅವನು ತಲೆ ತಗ್ಗಿಸಿ ಹೇಳಿದ ಮಾತು ಇಪ್ಪತ್ತು ವರ್ಷಗಳ ಮೇಲೆಯೂ ನನ್ನ ಕಿವಿಯಲ್ಲಿದೆ.

"ಬರಬೇಕಂತನ ಇದ್ದೆರಿ ಗುರುಗಳ. ಎಲ್ಲಾರ ಹೆಸರು ಓದಿ ನನ್ನ ಹೆಸರು ಬಿಟ್ಟಿದ್ರ ನನಗೇನೂ ಅನಸ್ತಿದ್ದಿಲ್ಲರಿ. ಅವ್ವಾ ಕುಂತಿರತಿದ್ಲು. ಆಕಿಗೆ ಅದನ್ನ ಕೇಳಾಕ ಆಗತಿದ್ದಿಲ್ಲರಿ."

ನಾನು ಉತ್ತರ ಕೊಡಲಾರದೆ ಹೋದೆನು. ವಂತಿಗೆ ಕೊಡಲಾಗದವನು ಬರಕೂಡದೆಂದು ನಾನು ಹೇಳಿರಲಿಲ್ಲ. ಕೇಳಿದ್ದರೆ ಮನ್ನಿಸಿಯೂ ಇರುತ್ತಿದ್ದೆನು. ಆದರೆ ಕೇಳಬೇಕಾದ ಸ್ಥಿತಿಗೆ ಆ ಮಗುವನ್ನು ತಂದು ನಿಲ್ಲಿಸಿದವನು ನಾನೇ. ಕೊಡುವವರಿಗೆ ಇರತಕ್ಕ ಸಂಕೋಚವನ್ನು ತೆಗೆದು ಕೊಡಲಾರದವನ ತಲೆಯ ಮೇಲೆ ಹೊರಿಸಿದ್ದೆನು. ಅವನು ತನ್ನ ಮಾನಕ್ಕಾಗಿ ಅಂಜಿದವನಲ್ಲ. ತಾಯಿಯ ಮಾನವನ್ನು ಕಾಯುವುದಕ್ಕಾಗಿ ತನ್ನ ಹಬ್ಬವನ್ನೇ ಬಿಟ್ಟುಕೊಟ್ಟವನು. ಮಾತಾಪಿತೃಸೇವೆಯ ಪಾಠವನ್ನು ಅಂದು ಯಾರು ಯಾರಿಗೆ ಕಲಿಸಿದರು? ಆ ಭಾವಚಿತ್ರವು ಇಂದಿಗೂ ನಮ್ಮ ಶಾಲೆಯ ಗೋಡೆಯ ಮೇಲಿದೆ. ಎಣಿಸಿದರೆ ನಲವತ್ತೇ ಮುಖಗಳು.

ಬಂಧುಗಳೇ, ಬೀಳ್ಕೊಡುಗೆಯ ದಿನಕ್ಕೆ ಒಂದು ವಿಶೇಷವಾದ ಪಾವಿತ್ರ್ಯವಿದೆ. ಅದು ಪರೀಕ್ಷೆಗೆ ಮುಂಚೆ ಬರುತ್ತದೆ. ಇನ್ನು ಕೆಲವು ವಾರಗಳಲ್ಲಿ 625 ಅಂಕಗಳ ತಕ್ಕಡಿಯು ಆ ಮಕ್ಕಳನ್ನು ತೂಗಿ ಬೇರೆ ಬೇರೆ ಗುಂಪು ಮಾಡಲಿದೆ. ಒಬ್ಬನು ಪ್ರಥಮ ಶ್ರೇಣಿ, ಒಬ್ಬನು ದ್ವಿತೀಯ, ಒಬ್ಬನು ನಪಾಸು. ಒಬ್ಬಳು ವಿಜ್ಞಾನದ ಕಾಲೇಜಿಗೆ, ಒಬ್ಬನು ಐಟಿಐಗೆ, ಮತ್ತೊಬ್ಬನು ಹೊಲಕ್ಕೆ. ಅದರ ಬಳಿಕ ಕೆಲಸ, ಸಂಬಳ, ಮನೆ, ವಾಹನಗಳ ತಕ್ಕಡಿಗಳು ಒಂದರ ಮೇಲೊಂದಾಗಿ ಬರುತ್ತಲೇ ಇರುವುವು. ಇವರೆಲ್ಲರೂ ಒಂದೇ ಪಂಕ್ತಿಯಲ್ಲಿ, ಹೆಚ್ಚು ಕಡಿಮೆಯೆಂಬುದಿಲ್ಲದೆ ಕುಳಿತುಕೊಳ್ಳುವ ಕಡೆಯ ದಿನವದು. ಲೋಕದ ತಕ್ಕಡಿಯು ಬರುವ ಮುನ್ನವೇ ನಾವು ನಮ್ಮ ವಂತಿಗೆಯ ತಕ್ಕಡಿಯನ್ನು ತಂದು ಆ ಪಂಕ್ತಿಯನ್ನು ಮುರಿದರೆ, ಮಕ್ಕಳಿಗೆ ಸಮತೆಯ ರುಚಿಯು ಮತ್ತೆಲ್ಲಿ ದೊರಕೀತು? ಅನುಭವಮಂಟಪದಲ್ಲಿ ಮಂತ್ರಿಯೂ ಅಂಬಿಗನೂ ಮಡಿವಾಳನೂ ಸಮನಾಗಿ ಕುಳಿತರೆಂದು ವರ್ಷವೆಲ್ಲ ಬೋಧಿಸಿ, ವರ್ಷದ ಕಡೆಯ ದಿನ ಅದನ್ನು ಅಲ್ಲಗಳೆದಂತಾಗುವುದು.

ಇದು ಇಪ್ಪತ್ತೈದು ರೂಪಾಯಿಯ ಕಾಲದ ಮಾತು. ಈಗಣ ರೀತಿಯು ಇನ್ನೂ ಕಠಿನವಾಗಿದೆ. ಬೀಳ್ಕೊಡುಗೆಗೆಂದು ಹುಡುಗಿಯರೆಲ್ಲ ಒಂದೇ ಬಣ್ಣದ ಸೀರೆಯನ್ನುಡಬೇಕೆಂದು ಗೊತ್ತುಮಾಡಿಕೊಳ್ಳುವರು. ಇಲ್ಲದವಳು ನೆರೆಮನೆಯಲ್ಲಿ ಬೇಡಿ ತರಬೇಕು. ಹುಡುಗರಿಗೆ ಕೋಟು ಬೇಕು. ಎದೆ ನಡುಗಿಸುವ ಡಿಜೆ, ಮುಖಕ್ಕೆ ಬಳಿದುಕೊಂಡು ಮಣ್ಣುಪಾಲು ಮಾಡುವ ಕೇಕು, ಗಳಿಗೆಗೊಂದು ಭಾವಚಿತ್ರ. ಮೊದಲು ಸಭೆಯಲ್ಲಿ ಒಮ್ಮೆ ಓದಿ ಮುಗಿಯುತ್ತಿದ್ದ ಪಟ್ಟಿಯು ಈಗ ಮೊಬೈಲಿನಲ್ಲಿ ರಾತ್ರಿಯೆಲ್ಲ ತಿರುಗುತ್ತದೆ. ಯಾರು ಯಾವ ಬಟ್ಟೆಯಲ್ಲಿದ್ದರು, ಯಾರು ಯಾರ ಪಕ್ಕದಲ್ಲಿದ್ದರು, ಯಾರು ಇರಲಿಲ್ಲ ಎಂಬುದು ಊರಿಗೆಲ್ಲ ಗೊತ್ತಾಗುತ್ತದೆ. ಬಾರದೆ ಉಳಿದ ಮಗುವೂ ಅದನ್ನು ತನ್ನ ಮನೆಯ ಮೂಲೆಯಲ್ಲಿ ಕುಳಿತು ನೋಡುತ್ತದೆ. ಇನ್ನು ಬಿಳಿಯ ಅಂಗಿಯ ಮೇಲೆ ಬಣ್ಣದ ಪೆನ್ನಿನಿಂದ ಹೆಸರು ಬರೆದುಕೊಳ್ಳುವ ಆಟವೊಂದು ಬಂದಿದೆ. ಸ್ನೇಹದ ಗುರುತಾಗಿ ಒಂದು ಅಂಗಿಯನ್ನು ಉಳಿಸಿಕೊಳ್ಳುವುದು ಉಳ್ಳವರಿಗೆ ಸುಲಭ. ಆ ಅಂಗಿಯು ಮುಂದಿನ ವರ್ಷ ತಮ್ಮನ ಮೈಮೇಲೆ ಬರಬೇಕಾಗಿರುವ ಮನೆಗಳೂ ನಮ್ಮ ಊರುಗಳಲ್ಲಿವೆ. ಬೇಡವೆನ್ನಲಾರದೆ ಬೆನ್ನು ಕೊಟ್ಟು ನಿಂತ ಹುಡುಗನೊಬ್ಬನು ಆಮೇಲೆ ಬಾವಿಯ ಕಟ್ಟೆಯ ಮೇಲೆ ಆ ಮಸಿಯನ್ನು ತಿಕ್ಕುತ್ತಿದ್ದುದನ್ನು ನಾನು ಕಂಡಿರುವೆನು.

ಇದರಿಂದ ನಾನು ಸಂತೋಷದ ವಿರೋಧಿಯೆಂದು ಯಾರೂ ತಿಳಿಯಬಾರದು. ಮಕ್ಕಳು ನಗಬೇಕು, ಹಾಡಬೇಕು, ಗುರುಗಳ ನಡಿಗೆಯನ್ನೂ ಮಾತಿನ ಧಾಟಿಯನ್ನೂ ಅಣಕಿಸಿ ಸಭೆಯನ್ನೂ ನಗಿಸಬೇಕು. ನನ್ನ ನಶ್ಯದ ಡಬ್ಬಿಯನ್ನೂ ಅವಸರದಲ್ಲಿ ಸೊಟ್ಟಗೆ ಸುತ್ತಿದ ರುಮಾಲನ್ನೂ ಅಭಿನಯಿಸದ ವರ್ಷವೇ ಇಲ್ಲ, ನಾನೂ ನಕ್ಕಿರುವೆನು. ಆಟೋಗ್ರಾಫ್ ಪುಸ್ತಕವನ್ನು ಹುಡುಗಾಟವೆಂದು ಹಳಿಯುವವರುಂಟು. ಬರೆಯಲು ಎಂದೂ ಮನಸ್ಸು ಮಾಡದ ಹುಡುಗನು ಸಹಪಾಠಿಗೆ ಒಳ್ಳೆಯದಾಗಲೆಂದು ನಾಲ್ಕು ಸಾಲನ್ನು ತಾನೇ ಯೋಚಿಸಿ ಬರೆಯುವುದು ಅಲ್ಲಿ ಮಾತ್ರ. ಅದು ಸಣ್ಣ ವಿಷಯವಲ್ಲ. ಶರಣಧರ್ಮವು ಸಪ್ಪೆ ಮೋರೆಯ ಧರ್ಮವಲ್ಲ. ಹಬ್ಬವಿರಲಿ, ಹಬ್ಬದ ಬಾಗಿಲಲ್ಲಿ ಸುಂಕದ ಕಟ್ಟೆ ಇರಕೂಡದೆಂಬುದಷ್ಟೇ ನನ್ನ ವಾದ.

ಆ ಪ್ರಸಂಗದ ಮರುವರ್ಷ ನಾವು ಕೆಲವು ಮಾರ್ಪಾಡುಗಳನ್ನು ಮಾಡಿದೆವು. ಇತರ ಶಾಲೆಯವರಿಗೂ ಉಪಯೋಗವಾದೀತೆಂದು ಇಲ್ಲಿ ಹೇಳುತ್ತೇನೆ.

ಮೊದಲನೆಯದಾಗಿ, ವಂತಿಗೆಯ ಪಟ್ಟಿಯನ್ನು ತೆಗೆದುಹಾಕಿದೆವು. ಬೀಳ್ಕೊಡುಗೆಗೆ ಎಂಟು ದಿನ ಮುಂಚೆ ಶಾಲೆಯಲ್ಲಿ ಒಂದು ದೊಡ್ಡ ಜೋಳಿಗೆಯನ್ನು ಕಟ್ಟುತ್ತೇವೆ. ಮನೆಯಿಂದ ಬರುವಾಗ ಮಗುವು ಒಂದು ಮುಷ್ಟಿ ಜೋಳವನ್ನೋ ಅಕ್ಕಿಯನ್ನೋ ಬೇಳೆಯನ್ನೋ ತಂದು ಅದರಲ್ಲಿ ಹಾಕಬಹುದು. ಯಾರು ತಂದರು, ಎಷ್ಟು ತಂದರು, ತಂದರೋ ಇಲ್ಲವೋ ಎಂದು ನೋಡುವವರಿಲ್ಲ. ಕೊರತೆ ಬಿದ್ದುದನ್ನು ಶಿಕ್ಷಕರು ತುಂಬುವೆವು. ಆ ಧಾನ್ಯದಿಂದಲೇ ಅಂದಿನ ಪ್ರಸಾದ. ನಮ್ಮ ಮಠಗಳ ಶಾಲೆಗಳೂ ಉಚಿತ ಪ್ರಸಾದನಿಲಯಗಳೂ ಬೆಳೆದುದು ಇಂತಹ ಮುಷ್ಟಿಗಳಿಂದಲೇ ಎಂಬುದನ್ನು ಹಿರಿಯರು ಬಲ್ಲರು. 2019ನೆಯ ಇಸವಿಯ ಜನವರಿ 21ರಂದು ಲಿಂಗೈಕ್ಯರಾದ ಸಿದ್ಧಗಂಗೆಯ ಶ್ರೀ ಶಿವಕುಮಾರ ಮಹಾಸ್ವಾಮಿಗಳವರ ಆಶ್ರಯದಲ್ಲಿ ಜಾತಿಮತಗಳ ಎಣಿಕೆಯಿಲ್ಲದೆ ಸಾವಿರಾರು ಮಕ್ಕಳು ಉಂಡು ಓದಿದುದನ್ನು ನಾಡೇ ಕಂಡಿದೆ. 2002ರಲ್ಲಿ ಆರಂಭವಾದ ಬಿಸಿಯೂಟಕ್ಕೆ ನಮ್ಮ ಸರಕಾರವು ಅಕ್ಷರ ದಾಸೋಹವೆಂದು ಹೆಸರಿಟ್ಟುದೂ ಈ ಪರಂಪರೆಗೆ ಸಲ್ಲಿಸಿದ ಗೌರವವೇ ಸರಿ.

ಎರಡನೆಯದಾಗಿ, ಶಾಲೆಗೆ ಕೊಡುವ ಕಾಣಿಕೆಯು ಹಣದಿಂದ ಕೊಂಡುದಾಗಿರಬಾರದು, ಮೈಮುರಿದು ಮಾಡಿದುದಾಗಿರಬೇಕು. ಒಂದು ವರ್ಷದವರು ತಮ್ಮ ತರಗತಿಯ ಗೋಡೆಗೆ ಸುಣ್ಣ ಬಳಿದರು. ಒಂದು ವರ್ಷದವರು ಮುರಿದ ಬೆಂಚುಗಳನ್ನು ರಿಪೇರಿ ಮಾಡಿದರು. ಮತ್ತೊಂದು ವರ್ಷದವರು ನೀರಿನ ತೊಟ್ಟಿಯನ್ನು ತೊಳೆದು, ಬೇವಿನ ಸಸಿಗಳನ್ನು ನೆಟ್ಟರು. ಬಡಿಗನ ಮಗನೊಬ್ಬನು ವರ್ಷವೆಲ್ಲ ಗಣಿತದಲ್ಲಿ ಹಿಂದೆ ಬಿದ್ದವನು, ಅಂದು ಬೆಂಚಿನ ಕಾಲನ್ನು ಕೂಡಿಸುವಾಗ ಎಲ್ಲರಿಗೂ ಗುರುವಾದನು. ಕಾಯಕದ ಅರ್ಥವನ್ನು ನಾನು ಪಾಠದಲ್ಲಿ ಎಷ್ಟು ವಿವರಿಸಿದ್ದರೂ ಅಷ್ಟು ಸ್ಪಷ್ಟವಾಗುತ್ತಿರಲಿಲ್ಲ.

ಮೂರನೆಯದಾಗಿ, ಹತ್ತನೆಯವರು ತಮ್ಮ ಕೋಶಗಳನ್ನೂ ಕಂಪಾಸು ಪೆಟ್ಟಿಗೆಗಳನ್ನೂ ಚೆನ್ನಾಗಿರುವ ಸಮವಸ್ತ್ರಗಳನ್ನೂ ಒಗೆದು ಮಡಿಸಿ ಒಂದು ಕೋಣೆಯಲ್ಲಿ ಇಟ್ಟು ಹೋಗುವರು. ಒಂಬತ್ತನೆಯವರಲ್ಲಿ ಬೇಕಾದವರು ಬಿಡುವಿನ ವೇಳೆಯಲ್ಲಿ ತೆಗೆದುಕೊಳ್ಳುವರು. ಅಲ್ಲಿ ಕೊಟ್ಟವರ ಹೆಸರೂ ಇಲ್ಲ, ಕೊಂಡವರ ಹೆಸರೂ ಇಲ್ಲ.

ನಾಲ್ಕನೆಯದಾಗಿ, ಊಟದಲ್ಲಿ ಶಿಕ್ಷಕರು ಮಕ್ಕಳಿಗೆ ಬಡಿಸುವರು. ಆ ಬಳಿಕ ಮಕ್ಕಳು ಅಡಿಗೆಯ ತಾಯಂದಿರನ್ನೂ ಗಂಟೆ ಬಾರಿಸುವ ಜವಾನನನ್ನೂ ಕಸ ಗುಡಿಸುವಾಕೆಯನ್ನೂ ಕುಳ್ಳಿರಿಸಿ ಬಡಿಸುವರು. ಮೂರು ವರ್ಷ ತಮಗೆ ಬಡಿಸಿದ ಕೈಗಳಿಗೆ ತಾವೊಮ್ಮೆ ಬಡಿಸದೆ ಹೊರಡುವುದು ಋಣವನ್ನುಳಿಸಿಕೊಂಡು ಹೋದಂತೆ.

ಕಡೆಯದಾಗಿ, ಭಾವಚಿತ್ರಕ್ಕೆ ಮುಂಚೆ ಹಾಜರಿಯನ್ನು ಕೂಗುತ್ತೇವೆ. ಒಂದು ಹೆಸರಿಗೆ ಉತ್ತರ ಬಾರದಿದ್ದರೆ ಇಬ್ಬರು ಹುಡುಗರು ಸೈಕಲ್ ಹತ್ತಿ ಆ ಮನೆಗೆ ಹೋಗುವರು. ಅವರು ಬರುವ ತನಕ ಛಾಯಾಗ್ರಾಹಕನು ಕಾಯಬೇಕು.

ಈ ಸಮಾರಂಭಕ್ಕೆ ನಿಜವಾಗಿ ಬೇಕಾದುದೆಷ್ಟು ಎಂಬುದನ್ನು ಕೊರೊನಾ ವ್ಯಾಧಿಯ ಕಾಲವು ನಮಗೆ ಕಲಿಸಿತು. 2020ರ ಮಾರ್ಚ್ 27ರಿಂದ ನಡೆಯಬೇಕಾಗಿದ್ದ ಪರೀಕ್ಷೆಯು ಮುಂದೆ ಬಿದ್ದು ಜೂನ್ 25ರಿಂದ ನಡೆಯಿತು. 2021ರಲ್ಲಿ ಎಲ್ಲ ವಿಷಯಗಳ ಪರೀಕ್ಷೆಯನ್ನೂ ಜುಲೈ 19 ಮತ್ತು 22, ಈ ಎರಡೇ ದಿನಗಳಲ್ಲಿ ಮುಗಿಸಿದರು. ಆ ವರ್ಷ ನಮ್ಮಲ್ಲಿ ಸಭೆಯಿಲ್ಲ, ಊಟವಿಲ್ಲ, ಭಾಷಣವಿಲ್ಲ. ಕಡೆಯ ಪರೀಕ್ಷೆಯನ್ನು ಬರೆದು ಹೊರಗೆ ಬಂದ ಮಕ್ಕಳು ಮನೆಗೆ ಹೋಗಲೊಲ್ಲದೆ ಬೇವಿನ ಮರದ ಕೆಳಗೆ ದೂರ ದೂರ ನಿಂತರು. ಒಬ್ಬಳು ಚೀಲದಿಂದ ಶೇಂಗಾ ಬೆಲ್ಲವನ್ನು ತೆಗೆದಳು. ಎಲೆಯ ಮೇಲಿಟ್ಟು ಒಬ್ಬೊಬ್ಬರ ಮುಂದೆ ಇರಿಸಿ ಹಿಂದೆ ಸರಿದಳು. ಅರ್ಧ ಗಂಟೆ ನಿಂತಿದ್ದು, ಕೈಮುಗಿದು ಚದುರಿದರು. ನಾನು ಕಂಡ ಬೀಳ್ಕೊಡುಗೆಗಳಲ್ಲಿ ಅದಕ್ಕಿಂತ ದೊಡ್ಡದನ್ನು ನಾನು ಕಾಣೆನು.

ಗೃಹಸ್ಥರಾದ ತಮ್ಮಲ್ಲಿ ಮೂರು ಮಾತುಗಳನ್ನು ವಿಜ್ಞಾಪಿಸಿಕೊಳ್ಳುತ್ತೇನೆ.

ತಮ್ಮ ಮಗು ಬೀಳ್ಕೊಡುಗೆಗೆ ಹೊಸ ಬಟ್ಟೆಯನ್ನು ಕೇಳಿದರೆ ಕೊಡಿಸಿರಿ, ಅಥವಾ ಬಿಡಿರಿ. ಅದು ತಮ್ಮ ಅನುಕೂಲ. ಆದರೆ ಸಂಗಡಿಗರಲ್ಲಿ ಯಾರಿಗೆ ಇದು ಆಗದು ಎಂಬ ಒಂದು ಪ್ರಶ್ನೆಯನ್ನು ಅಂದು ರಾತ್ರಿ ಊಟದ ಹೊತ್ತಿನಲ್ಲಿ ಆ ಮಗುವಿಗೆ ಕೇಳಿರಿ. ಉತ್ತರವು ಅದಕ್ಕೆ ಗೊತ್ತಿರುತ್ತದೆ. ಆ ಪ್ರಶ್ನೆಯನ್ನು ತಾನಾಗಿ ಕೇಳಿಕೊಳ್ಳುವ ಮನಸ್ಸು ಬಂದರೆ ಲಿಂಗಧಾರಣೆಯು ಸಾರ್ಥಕವಾದಂತೆ.

ಎರಡನೆಯದು ಹೆಣ್ಣುಮಕ್ಕಳ ಮಾತು. ಹುಡುಗನಿಗೆ ಅದು ಶಾಲೆಯ ಬೀಳ್ಕೊಡುಗೆಯಾದರೆ, ಎಷ್ಟೋ ಮನೆಗಳಲ್ಲಿ ಹುಡುಗಿಗೆ ಓದಿನದೇ ಬೀಳ್ಕೊಡುಗೆಯಾಗುತ್ತದೆ. ಅಂದು ಅವಳು ಅಳುವುದನ್ನು ಕಂಡು ಗೆಳತಿಯರನ್ನಗಲುವ ದುಃಖವೆಂದು ನಾವು ತಿಳಿಯುವೆವು. ಅವಳು ಪುಸ್ತಕವನ್ನೇ ಅಗಲುತ್ತಿರಬಹುದು. ಹದಿನೆಂಟು ತುಂಬುವ ಮುನ್ನ ಮದುವೆ ಮಾಡುವುದನ್ನು 2006ರ ಬಾಲ್ಯವಿವಾಹ ನಿಷೇಧ ಕಾಯಿದೆಯು ಅಪರಾಧವೆಂದಿದೆ. ಕಾಯಿದೆಯ ಭಯವಿರಲಿ, ಮೂವತ್ತಕ್ಕೂ ಹೆಚ್ಚು ಶರಣೆಯರು ವಚನಗಳನ್ನು ರಚಿಸಿದ ಪರಂಪರೆಯವರೆಂದು ಹೇಳಿಕೊಳ್ಳುವ ನಾವು, ಮಗಳ ಕೈಯಿಂದ ಲೇಖನಿಯನ್ನು ಕಸಿದುಕೊಂಡು ಮಹಾದೇವಿಯಕ್ಕನ ಜಯಂತಿಯನ್ನು ಆಚರಿಸುವುದು ಹೇಗೆ?

ಮೂರನೆಯದು ಪರೀಕ್ಷೆಯ ಫಲವನ್ನು ಕುರಿತು. ಬೀಳ್ಕೊಡುಗೆಯಂದು ಹರಸಿದ ಬಾಯಿಯೇ ಫಲಿತಾಂಶದ ದಿನ ಶಪಿಸಬಾರದು. 2024ರಲ್ಲಿ ಒಂದೇ ವರ್ಷದೊಳಗೆ ಮೂರು ಸಲ ಪರೀಕ್ಷೆಗೆ ಕೂಡ್ರುವ ಅವಕಾಶವನ್ನು ಸರಕಾರವೇ ಕಲ್ಪಿಸಿತು. ಎಡವಿದವರಿಗೆ ಮತ್ತೆ ಏಳಲು ಸರಕಾರವು ಕೈಕೊಡುವಾಗ ಹೆತ್ತವರು ಕೈ ಬಿಡುವುದು ಸಲ್ಲದು. ನಪಾಸಾದ ಮಗುವೂ ಆ ಪಂಕ್ತಿಯಲ್ಲಿ ಕುಳಿತು ಉಂಡ ಮಗುವೇ.

ಕಡೆಯಲ್ಲಿ ಒಂದು ಮಾತನ್ನು ಹೇಳಿ ಮುಗಿಸುತ್ತೇನೆ. 2024ರ ಜೂನ್ ತಿಂಗಳಲ್ಲಿ ಒಬ್ಬ ಗೃಹಸ್ಥನು ತನ್ನ ಮಗಳನ್ನು ಎಂಟನೆಯ ತರಗತಿಗೆ ಸೇರಿಸಲು ನಮ್ಮ ಶಾಲೆಗೆ ಬಂದನು. ನೋಡಿದೊಡನೆ ಗುರುತು ಹಿಡಿದೆನು. ಅಂದಿನ ಆ ಹುಡುಗನೇ. ಹತ್ತನ್ನು ಪಾಸು ಮಾಡಿದ್ದನು, ಮುಂದೆ ಓದಲಾಗಿರಲಿಲ್ಲ, ಪಾಲಿಗೆ ಹೊಲ ಮಾಡಿಕೊಂಡಿದ್ದನು. ನನ್ನ ಪಾದವನ್ನು ಮುಟ್ಟಿ ನಮಸ್ಕರಿಸಿ, ತಾಯಿ ಹೋದ ವರ್ಷ ತೀರಿಕೊಂಡಳೆಂದು ತಿಳಿಸಿದನು. ಅರ್ಜಿಯನ್ನು ತುಂಬುತ್ತಿರುವಾಗ ಆ ಬಾಲೆಯು ಗೋಡೆಯ ಮೇಲಿನ ಭಾವಚಿತ್ರಗಳನ್ನು ಒಂದೊಂದಾಗಿ ನೋಡುತ್ತ ಹೋಗಿ, 2003ರದರ ಮುಂದೆ ನಿಂತಳು.

"ಅಪ್ಪಾ, ಇದರಾಗ ನೀ ಎಲ್ಲಿ ಅದೀ?"

ನನ್ನ ಕೈಯಲ್ಲಿದ್ದ ಲೇಖನಿಯು ನಿಂತಿತು. ಅವನು ನನ್ನ ಕಡೆಗೆ ನೋಡಲಿಲ್ಲ.

"ಅವತ್ತ ಸುಗ್ಗಿ ಇತ್ತವ್ವಾ. ನಾ ಹೊಲಕ್ಕ ಹೋಗಿದ್ದೆ" ಎಂದನು.

ಇಪ್ಪತ್ತೊಂದು ವರ್ಷಗಳ ಹಿಂದೆ ತಾಯಿಯ ಮಾನವನ್ನು ಕಾಯ್ದವನು ಅಂದು ಮಗಳ ಮುಂದೆ ಗುರುವಿನ ಮಾನವನ್ನೂ ಕಾಯ್ದನು. ಅವನು ಹೊರಟು ಹೋದ ಮೇಲೆ ನಾನು ಆ ಭಾವಚಿತ್ರವನ್ನು ಕೆಳಗಿಳಿಸಿ, ಅದರ ಅಡಿಯಲ್ಲಿ ಅಚ್ಚಾಗಿದ್ದ ನಲವತ್ತು ಹೆಸರುಗಳ ಸಾಲಿನ ಕೊನೆಗೆ ನಲವತ್ತೊಂದನೆಯ ಹೆಸರನ್ನು ನನ್ನ ಕೈಯಿಂದಲೇ ಬರೆದು, ಮತ್ತೆ ಗೋಡೆಗೆ ತೂಗುಹಾಕಿದೆನು. ಆ ಬಾಲೆಯು 2027ರಲ್ಲಿ ಹತ್ತನೆಯ ತರಗತಿಯಿಂದ ಹೊರಡುವಳು. ಅಂದು ಅವಳ ತಂದೆಯು ಪಂಕ್ತಿಯ ನಡುವೆ ಬಂದು ಕುಳಿತುಕೊಳ್ಳಬೇಕೆಂದೂ, ಅವನಿಗೆ ನಾನೇ ಬಡಿಸಬೇಕೆಂದೂ ನನ್ನ ಆಸೆ. ಅಲ್ಲಿಯವರೆಗೆ ಈ ದೇಹವನ್ನು ಉಳಿಸುವುದು ಗುರುಬಸವನ ಚಿತ್ತ.

ಈ ವರ್ಷ ಶಾಲೆಯಿಂದ ಹೊರಡುವ ಎಲ್ಲ ಮಕ್ಕಳಿಗೂ ಮಂಗಳವಾಗಲಿ. ಅವರ ಪಂಕ್ತಿಯಲ್ಲಿ ಒಂದು ಎಲೆಯೂ ಬರಿದಾಗಿ ಉಳಿಯದಿರಲಿ.